ಕಂಬಿಯ ಮೇಲಿನ ವಿಭೂತಿ

ಆಸ್ಪತ್ರೆಯ ಫಿನೈಲ್ ವಾಸನೆಯ ಮೇಲೆ ನನಗೆ ನಂಬಿಕೆಯಿಲ್ಲ. ವಾಸನೆ ಬಂದ ಮಾತ್ರಕ್ಕೆ ಒರೆಸಿದ್ದಾರೆ ಎಂದು ಹೇಗೆ ನಂಬುವುದು? ಗೋಪನಕೊಪ್ಪದ ನಮ್ಮ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಅವ್ವ ತೊಡೆಯ ಮೂಳೆ ಮುರಿದುಕೊಂಡಾಗ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಅವಳನ್ನು ಕೋಣೆಗೆ ತಂದ ಮೇಲೆ ನರ್ಸ್ ಬಾಯಿತಪ್ಪಿ ಹೇಳಿಬಿಟ್ಟಳು: ಅದೇ ಮಂಚದಲ್ಲಿ ಮೊದಲು ಮಲಗಿದ್ದ ಅಜ್ಜನಿಗೆ ಯಾವ ಔಷಧಕ್ಕೂ ಬಗ್ಗದ ಸೋಂಕು ತಗುಲಿ, ಅವರನ್ನು ಬೇರೆ ಕಡೆ ಸಾಗಿಸಿದ್ದರಂತೆ.

"ಎಲ್ಲಾ ಔಷಧ ಹಾಕಿ ಒರಸೇವ್ರಿ, ಕಾಳಜಿ ಮಾಡಬ್ಯಾಡ್ರಿ," ಅಂದಳು. ಹಾಗೆ ಅಂದ ಕೂಡಲೇ ನನ್ನ ಕಾಳಜಿ ಶುರುವಾಯಿತು. ಅವ್ವನಿಗೆ ಸಕ್ಕರೆ ಕಾಯಿಲೆ ಬೇರೆ. ಆ ಸೋಂಕು ಹೊಲಿಗೆಗೆ ಹತ್ತಿದರೆ ಅವಳು ನಮಗೆ ಉಳಿಯುವುದಿಲ್ಲ ಎಂಬ ಭಯ ನನ್ನನ್ನು ಹಿಡಿದುಕೊಂಡಿತು.

ಅಂದಿನಿಂದ ಕೋಣೆ ಒರೆಸಲು ಬರುವ ಹೆಂಗಸಿನ ಮೇಲೆ ಕಣ್ಣಿಟ್ಟೆ. ಪೇಪರು ಮುಖಕ್ಕೆ ಹಿಡಿದು ಕೂತರೂ ನೋಡುತ್ತಿದ್ದುದು ಅವಳ ಕೈಯನ್ನು. ಟೇಬಲ್ಲು, ಬಾಗಿಲ ಹಿಡಿಕೆ, ಸ್ವಿಚ್ಚು, ಎಲ್ಲ ಒರೆಸಿದಳು. ಮಂಚದ ಪಕ್ಕದ ಕಂಬಿಗೆ ಬಂದಾಗ ಮಾತ್ರ ಬಟ್ಟೆ ಒಂದು ಗೇಣು ಜಾಗ ಬಿಟ್ಟು ಮುಂದೆ ಹೋಯಿತು. ಮರುದಿನವೂ ಅಷ್ಟೇ. ಅಲ್ಲಿ ಮೂರು ಬೆರಳಿನ ವಿಭೂತಿ ಗೆರೆ ಇತ್ತು. ಅವ್ವ ಬೆಳಿಗ್ಗೆ ಮಂಚದ ಮೇಲೇ ಲಿಂಗಪೂಜೆ ಮುಗಿಸಿ, ಹಣೆಗೆ ಹಚ್ಚಿಕೊಂಡು, ಬೆರಳಲ್ಲಿ ಉಳಿದದ್ದನ್ನು ಅಲ್ಲಿ ಎಳೆಯುತ್ತಿದ್ದಳು. ಮನೆಗೆ ಹೊಸ ಕಪಾಟು ಬಂದರೂ ಅವಳದು ಇದೇ ಪದ್ಧತಿ. ಮಂಚದಿಂದ ಏಳುವಾಗ ಹಿಡಿಯುತ್ತಿದ್ದುದೂ ಕಂಬಿಯ ಅದೇ ಜಾಗವನ್ನು.

ನನ್ನ ಪಿತ್ತ ನೆತ್ತಿಗೇರಿತು. "ಏನವಾ, ಇಷ್ಟ ಜಾಗಾ ಯಾಕ ಬಿಟ್ಟಿ? ಕೈ ನೋಯತೈತೇನು?"

"ವಿಭೂತಿ ಹೆಂಗ ಒರಸ್ಲಿರಿ ಅಕ್ಕಾರ?" ಅವಳು ಗಾಬರಿಯಾದಳು. "ಫಿನೈಲ್ ಬಟ್ಟಿ ಮುಟ್ಟಿಸಿದ್ರ ಪಾಪ ಬರ್ತೈತ್ರಿ. ಮೊದಲಿನ ಅಜ್ಜಾರು ಹಚ್ಚಿದ್ದನ್ನೂ ನಾ ಮುಟ್ಟಿಲ್ರಿ. ಅದರ ಮ್ಯಾಲೇ ಅವ್ವಾರು ಹಚ್ಚಾಕತ್ತಾರ."

ಅವ್ವನ ಕಡೆ ತಿರುಗಿದೆ.

"ಹೌದವಾ, ನಾವು ಬಂದ ದಿನಾನ ಇತ್ತು. ಯಾರೋ ಶರಣರು ಮಲಗಿದ್ದ ಮಂಚ ಅಂತ ಖುಷಿ ಆತು," ಅಂದಳು, ಅದೇ ಬೆರಳಿನಿಂದ ಬ್ಯಾಂಡೇಜಿನ ಅಂಚು ಕೆರೆದುಕೊಳ್ಳುತ್ತ. ನಾನು ಆ ಕೈಯನ್ನು ಹಿಡಿದು ಎಳೆದೇಬಿಟ್ಟೆ.

ಬಟ್ಟೆ ಕಸಿದುಕೊಂಡು ಕಂಬಿಯನ್ನು ನಾನೇ ಒರೆಸಿದೆ. ಅವ್ವ ಕಣ್ಣು ಮುಚ್ಚಿ ಶಿವಶಿವಾ ಅಂದಳು. ಅವಳ ಕೈಗೆ ಸೋಪು ಹಚ್ಚಿ ತೊಳೆಯುವಾಗ ನನಗೆ ಅಳು ಒತ್ತರಿಸಿ ಬರುತ್ತಿತ್ತು, ಆದರೆ ಬಾಯಿಂದ ಬಂದದ್ದೆಲ್ಲ ಬೈಗುಳ.

ಅಷ್ಟರಲ್ಲಿ ಡಾಕ್ಟರು ಪಕ್ಕದ ಕೋಣೆಯಿಂದ ಬಂದರು. ಬಂದವರೇ ನೇರ ಬ್ಯಾಂಡೇಜಿಗೆ ಕೈ ಚಾಚಿದರು. "ಗಾಯ ನೋಡೂಣ್ರಿ."

"ಕೈ ತೊಳಕೊಂಡೀರೇನ್ರಿ?" ಅಂದೆ.

ಅವ್ವ ನನ್ನ ಸೆರಗು ಜಗ್ಗಿದಳು. "ಸುಮ್ನಿರು, ದೊಡ್ಡವರಿಗೆ ಹಂಗ ಕೇಳಬಾರದು."

ನಾನು ಅವ್ವನ ಕಾಲಿಗೆ ಅಡ್ಡ ನಿಂತೆ. ಡಾಕ್ಟರು ಒಂದು ಗಳಿಗೆ ತಮ್ಮ ಕೈ ನೋಡಿಕೊಂಡು ಬೇಸಿನ್ ಕಡೆ ನಡೆದರು. ತೊಳೆದುಕೊಂಡು ಬಂದ ಮೇಲೆಯೇ ದಾರಿ ಬಿಟ್ಟೆ. ಬ್ಯಾಂಡೇಜ್ ಬಿಚ್ಚಿದರೆ ಹೊಲಿಗೆ ಒಣಗಿತ್ತು, ಕೆಂಪಾಗಿರಲಿಲ್ಲ.

"ಛಲೋ ಐತ್ರಿ," ಅಂದರು ಡಾಕ್ಟರು.

ನಾನು ಕನ್ನಡಕ ಹಾಕಿಕೊಂಡು, ಬಗ್ಗಿ, ನನ್ನ ಕಣ್ಣಿನಿಂದಲೇ ಇನ್ನೊಮ್ಮೆ ನೋಡಿದೆ.