ನಾಲ್ಕನೇ ಮೇನಿನ ಅಂಜಿನಮ್ಮನ ವೋಟು

ಅಂಜಿನಮ್ಮ ಎಂಬತ್ತೆಂಟನೇ ಇಸವಿಯಲ್ಲಿ ಕೆಲಸದಿಂದ ನಿವೃತ್ತರಾದರು. ಚಾಮರಾಜಪೇಟೆ ನಾಲ್ಕನೇ ಮೇನಿನ ನಮ್ಮ ಬೀದಿಯನ್ನು ಹತ್ತೊಂಬತ್ತು ವರ್ಷ ಗುಡಿಸಿದ ಹೆಂಗಸು. ಅವತ್ತು ಬೀದಿಯಲ್ಲಿ ಒಬ್ಬರೂ ಅವರಿಗೆ ಒಂದು ಹಾರ ಹಾಕಲಿಲ್ಲ. ನಾನೂ ಹಾಕಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನ ಹೆಸರು ನಂಜಪ್ಪ. ಅವೆನ್ಯೂ ರಸ್ತೆಯಲ್ಲಿ ನೋಟ್ ಬುಕ್ಕು, ಪೆನ್ನು ಮಾರುವ ಸಣ್ಣ ಅಂಗಡಿ ನನ್ನದು. ಸಿಟ್ಟು ಬೇಗ ಬರುತ್ತದೆ, ಆದರೆ ಬರಬೇಕಾದವರ ಮೇಲೆ ಬರುವುದಿಲ್ಲ.

ಅಂಜಿನಮ್ಮನ ಗಂಡ ಆಂಜಿನಯ್ಯ ಕಾರ್ಪೊರೇಷನ್ನಿನಲ್ಲಿ ಅದೇ ಕೆಲಸದಲ್ಲಿದ್ದವರು. ಅವರು ಜ್ವರದಲ್ಲಿ ತೀರಿಕೊಂಡ ಮೇಲೆ ಆ ಜಾಗ ಹೆಂಡತಿಗೆ ಸಿಕ್ಕಿತು. ಮನೆ ಇದ್ದದ್ದು ನಮ್ಮ ಬೀದಿಯ ಹಿಂದಿನ ಕಾರ್ಪೊರೇಷನ್ ಲೈನಿನಲ್ಲಿ, ಒಂದೇ ಕೋಣೆ, ಇಬ್ಬರು ಹೆಣ್ಣುಮಕ್ಕಳು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಪಕ್ಕದ ಮನೆಯವರ ಜೊತೆ ತಮಿಳು. ಬೆಳಿಗ್ಗೆ ಆರಕ್ಕೆ ಹಾಜರಿ. ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಲು ಮನಸ್ಸು ಬಾರದೆ, ದೊಡ್ಡ ಮಗಳ ಕೈಯಲ್ಲಿ ತಮ್ಮ ಹೆಸರೊಂದನ್ನು ಬರೆಯಲು ಕಲಿತಿದ್ದರು. ಅದು ಬಿಟ್ಟು ಬೇರೆ ಅಕ್ಷರ ಬರುತ್ತಿರಲಿಲ್ಲ.

ಇವೆಲ್ಲ ನನಗೆ ಆಮೇಲೆ ತಿಳಿದದ್ದು. ಎಪ್ಪತ್ತೆಂಟರ ಫೆಬ್ರವರಿವರೆಗೆ ನನಗೆ ಗೊತ್ತಿದ್ದದ್ದು ಪೊರಕೆಯ ಸದ್ದು ಮಾತ್ರ.

ಆ ತಿಂಗಳು ಅಸೆಂಬ್ಲಿ ಎಲೆಕ್ಷನ್. ಮತಗಟ್ಟೆ ನಮ್ಮ ಬೀದಿಯ ಕೊನೆಯ ಪ್ರೈಮರಿ ಶಾಲೆಯಲ್ಲಿ. ಒಬ್ಬ ಅಭ್ಯರ್ಥಿಯ ಏಜೆಂಟಾಗಿ ನನ್ನನ್ನು ಕೂರಿಸಿದ್ದರು. ನಾನೇನೂ ದೊಡ್ಡ ಪುಢಾರಿಯಲ್ಲ. ಬೀದಿಯಲ್ಲೇ ಹುಟ್ಟಿ ಬೆಳೆದವನು, ಎಲ್ಲರ ಮುಖ ಗೊತ್ತು ಎನ್ನುವುದಷ್ಟೇ ನನ್ನ ಅರ್ಹತೆ. ಇನ್ನಿಬ್ಬರು ಏಜೆಂಟರೂ ಅದೇ ಬೀದಿಯವರು, ಹಾಲಿನ ಡೈರಿ ಇಟ್ಟಿದ್ದ ಮುನಿರಾಮಪ್ಪ ಮತ್ತು ಬೀಡಿ ವ್ಯಾಪಾರದ ಪ್ಯಾರೇಜಾನ್ ಸಾಹೇಬರು. ಮೂವರೂ ಬೇರೆ ಬೇರೆ ಪಾರ್ಟಿ, ಒಂದೇ ಬೆಂಚು. ಕೆಲಸ ಇಷ್ಟೆ. ಎಲೆಕ್ಷನ್ ಡ್ಯೂಟಿಗೆ ಬಂದಿದ್ದ ಟೀಚರ್ ಗಿರಿಜಾಂಬಾ ಪಟ್ಟಿ ನೋಡಿ ಮತದಾರರ ಹೆಸರು ಓದುತ್ತಾರೆ. ಬಂದವರು ಅವರೇ ಹೌದೋ ಅಲ್ಲವೋ ನಾವು ನೋಡಬೇಕು. ನಮ್ಮ ನಮ್ಮ ಪಟ್ಟಿಯಲ್ಲಿ ಹೆಸರಿಗೆ ಗೆರೆ ಎಳೆಯಬೇಕು. ನಮ್ಮ ಪಾರ್ಟಿಯ ಚೀಟಿ ಹಿಡಿದು ಬಂದವರ ಹೆಸರಿನ ಪಕ್ಕ ನಾನು ಕೆಂಪು ಪೆನ್ಸಿಲ್ಲಿನಲ್ಲಿ 'ನಮ್ಮವರು' ಎಂದೂ ಬರೆದುಕೊಳ್ಳುತ್ತಿದ್ದೆ. ಸಂಜೆ ಗೆಲುವಿನ ಅಂದಾಜು ಹಾಕಲು ಅದು ಬೇಕಾಗಿತ್ತು.

ಬೆಳಿಗ್ಗೆ ಒಂಬತ್ತಕ್ಕೆ ಪಾರ್ಟಿಯವರು ಇಡ್ಲಿ ಕಳಿಸಿದ್ದರು. ನಾನು ತಿನ್ನುತ್ತಿದ್ದಾಗ ನಮ್ಮ ಚೀಟಿ ಹಿಡಿದು ಒಬ್ಬ ಹೆಂಗಸು ಬಂದಳು. ಗಿರಿಜಾಂಬಾ "ಅಂಜಿನಮ್ಮ" ಎಂದು ಓದಿದರು. ಮತಗಟ್ಟೆಯ ಅಧಿಕಾರಿ ನಮ್ಮ ಕಡೆ ನೋಡಿದರು. ಬಾಯಲ್ಲಿ ಇಡ್ಲಿ ಇತ್ತು. ನಾನು ಗೊತ್ತು ಎನ್ನುವಂತೆ ತಲೆಯಾಡಿಸಿ, ಗೆರೆ ಎಳೆದು, ಪಕ್ಕದಲ್ಲಿ 'ನಮ್ಮವರು' ಎಂದು ಬರೆದೆ. ಅವಳನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಮಧ್ಯಾಹ್ನ ಹನ್ನೆರಡಕ್ಕೆ ಇನ್ನೊಬ್ಬ ಹೆಂಗಸು ಬಂದರು. ತಲೆಗೆ ಸ್ನಾನ ಮಾಡಿ, ಎಣ್ಣೆ ಹಚ್ಚಿ, ಹಸಿರು ಸೀರೆ ಉಟ್ಟು, ಮೋಟು ಜಡೆಗೆ ಒಂದು ಗೇಣು ಕನಕಾಂಬರ ಮುಡಿದಿದ್ದರು. ಹೆಸರು ಅಂಜಿನಮ್ಮ ಎಂದರು.

"ಈ ಹೆಸ್ರಿಗೆ ವೋಟ್ ಆಗೋಗಿದೆಯಲ್ಲಮ್ಮ" ಎಂದರು ಗಿರಿಜಾಂಬಾ.

"ನಾನು ಈಗ ತಾನೆ ಬರ್ತಿದೀನಿ. ಡ್ಯೂಟಿ ಬಿಟ್ಟಿದ್ದೇ ಹನ್ನೊಂದಕ್ಕೆ." ಅವರು ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ಬೆರಳು ತೋರಿಸಿದರು. ಶಾಯಿ ಇರಲಿಲ್ಲ.

ಅಧಿಕಾರಿ ನಮ್ಮನ್ನು ಕೇಳಿದರು, "ಇವರು ಯಾರಿಗಾದ್ರೂ ಗೊತ್ತಾ?"

ಮುನಿರಾಮಪ್ಪ ಇಲ್ಲ ಎಂದರು. ಪ್ಯಾರೇಜಾನ್ ಸಾಹೇಬರು ಕನ್ನಡಕ ಸರಿಮಾಡಿಕೊಂಡು ನೋಡಿ, ಇಲ್ಲ ಎಂದರು. ನಾನೂ ನೋಡಿದೆ. ದೇವರಾಣೆಗೂ ನನಗೆ ಗುರುತು ಸಿಗಲಿಲ್ಲ. "ಗೊತ್ತಿಲ್ಲ" ಎಂದೆ.

ಅಂಜಿನಮ್ಮ ನಮ್ಮ ಮೂವರನ್ನೂ ನೋಡಿದರು. ದನಿ ಏರಿಸಲಿಲ್ಲ. "ನಾನು ನಿಮ್ಮ ಬೀದಿ ಗುಡಿಸೋಳು ಸ್ವಾಮಿ, ಒಂಬತ್ತು ವರ್ಷದಿಂದ" ಎಂದರು. ಆಗ ಅವರೇ ಅಧಿಕಾರಿಗೆ ನಮ್ಮ ಗುರುತು ಹೇಳತೊಡಗಿದರು, ಮೊದಲು ಮುನಿರಾಮಪ್ಪನವರದು.

"ಇವರ್ದು ಹನ್ನೆರಡನೇ ನಂಬರು. ಹೋದ್ ಭಾನುವಾರ ಮಗಳನ್ನ ನೋಡಕ್ಕೆ ಗಂಡಿನ ಕಡೆಯೋರು ಬಂದಿದ್ರು, ಹದಿನೆಂಟು ಎಲೆ ಬಿದ್ದಿತ್ತು. ಸಾಹೇಬ್ರುದು ಮೂವತ್ತನೇ ನಂಬರು. ಬೀಡಿ ಎಲೆ ಚೂರು ಗೋಣಿಚೀಲದಲ್ಲಿ ಕಟ್ಟಿಡ್ತಾರೆ, ಬೀದೀಲಿ ಸುರಿಯಲ್ಲ. ಇವರ್ದು ಇಪ್ಪತ್ತೊಂದನೇ ನಂಬರು." ಅದು ನಾನು. "ಇವ್ರ ಮನೆ ಮುಂದೆ ದಿನಾ ಕಷಾಯದ ಚರಟ ಬೀಳ್ತಿತ್ತು. ಸಂಕ್ರಾಂತಿ ಆದ್ಮೇಲೆ ಬೀಳ್ತಿಲ್ಲ. ಅಮ್ಮಾವ್ರು ಹೋಗ್ಬಿಟ್ರು ಅಂತ ನಂಗೆ ಆಗ್ಲೇ ಗೊತ್ತಾಯ್ತು."

ನನ್ನ ತಾಯಿ ಸಂಕ್ರಾಂತಿಯ ಮಾರನೇ ವಾರ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಬೀದಿಯಲ್ಲಿ ಎಷ್ಟೋ ಜನರಿಗೆ ನಾನೇ ಹೋಗಿ ಹೇಳಬೇಕಾಗಿ ಬಂದಿತ್ತು. ಇವರಿಗೆ ಯಾರೂ ಹೇಳಿರಲಿಲ್ಲ. ನಾನು ಪಟ್ಟಿಯನ್ನು ನೋಡುತ್ತ ತಲೆ ತಗ್ಗಿಸಿದೆ. ಕೆಂಪು ಅಕ್ಷರ ಅಲ್ಲೇ ಇತ್ತು. ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಅಧಿಕಾರಿ ಒಳ್ಳೆಯವರು. ಅವರಿಗೆ ನಂಬಿಕೆ ಬಂತು. ಆದರೆ ಬೇರೆಯವರು ಹಾಕಿದ ವೋಟನ್ನು ಡಬ್ಬದಿಂದ ಹೆಕ್ಕಿ ತೆಗೆಯುವುದು ಹೇಗೆ? ಕಾನೂನಿನಲ್ಲಿ ಅದಕ್ಕೊಂದು ದಾರಿ ಇದೆ, ಟೆಂಡರ್ ವೋಟು. ಇನ್ನೊಂದು ಮತಪತ್ರ ಕೊಟ್ಟರು, ಅಂಜಿನಮ್ಮ ಮರೆಗೆ ಹೋಗಿ ಮುದ್ರೆ ಒತ್ತಿ ತಂದರು. ಅದನ್ನು ಅಧಿಕಾರಿ ಡಬ್ಬಕ್ಕೆ ಹಾಕಿಸದೆ ಒಂದು ಕವರಿನಲ್ಲಿಟ್ಟರು.

"ಡಬ್ಬಕ್ಕೆ ಹಾಕಲ್ವಾ ಸ್ವಾಮಿ?"

"ಇಲ್ಲಮ್ಮ, ಇದನ್ನ ಬೇರೆ ಇಡ್ಬೇಕು. ಕೋರ್ಟು ಕೇಳಿದ್ರೆ ಮಾತ್ರ ತೆಗೀತಾರೆ. ಎಣಿಕೆಗೆ ಸೇರಲ್ಲ."

"ಸೇರಲ್ಲ ಅಂದ್ಮೇಲೆ ಮುದ್ರೆ ಯಾಕೆ ಒತ್ತಿಸಿದ್ರಿ?"

ಅಧಿಕಾರಿ ಕವರನ್ನು ಮಡಿಚಿ ಪಕ್ಕಕ್ಕಿಟ್ಟರು. ಅಂಜಿನಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹೊರಟುಹೋದರು. ಒಂದು ವೋಟಿಗಾಗಿ ಅಷ್ಟು ಬೇಜಾರಾದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಮ್ಮಂಥವರು ವೋಟಿನ ದಿನ ರಜ ಸಿಕ್ಕಿತೆಂದು ಮಲಗುವವರು.

ಆಮೇಲಿನ ಐದು ವರ್ಷ ನಾನು ಮಾಡಿದ್ದು ಹೇಡಿಯ ಕೆಲಸ. ಪೊರಕೆಯ ಸದ್ದು ನಮ್ಮ ಮನೆ ದಾಟುವವರೆಗೆ ಬಾಗಿಲು ತೆಗೆಯುತ್ತಿರಲಿಲ್ಲ. ಹಾಲಿಗೆ ಹೆಂಡತಿಯನ್ನು ಕಳಿಸುತ್ತಿದ್ದೆ. "ಏನ್ರೀ, ಸಾಲಗಾರ ಬಂದ ಹಾಗೆ ಅವಿತ್ಕೋತೀರಲ್ಲ" ಎಂದು ಅವಳು ಹಂಗಿಸುತ್ತಿದ್ದಳು. ಅಂಜಿನಮ್ಮ ಮಾತ್ರ ನಮ್ಮ ಮನೆಯ ಮುಂದಿನ ಚರಂಡಿಯನ್ನು ಎಲ್ಲರ ಮನೆಯದರಷ್ಟೇ ಚೊಕ್ಕಟವಾಗಿ ಇಡುತ್ತಿದ್ದರು.

ಎಂಬತ್ಮೂರರಲ್ಲಿ ಕಾರ್ಪೊರೇಷನ್ ಎಲೆಕ್ಷನ್ ಬಂತು. ಹಲವು ವರ್ಷ ಆಡಳಿತಾಧಿಕಾರಿಯ ಕೈಯಲ್ಲಿದ್ದ ಊರಿಗೆ ಮತ್ತೆ ಕೌನ್ಸಿಲರು. ನಡುವೆ ಬಂದ ಎಲೆಕ್ಷನ್ನುಗಳಿಗೆ ನಾನು ಏಜೆಂಟಾಗಿರಲಿಲ್ಲ, ಅಂಜಿನಮ್ಮನೂ ವೋಟಿಗೆ ಬಂದಿರಲಿಲ್ಲವಂತೆ. ನನ್ನನ್ನು ಮತ್ತೆ ಕರೆದರು. ಮೊದಲು ಬೇಡವೆಂದೆ, ಆಮೇಲೆ ಏನನ್ನಿಸಿತೋ ಒಪ್ಪಿಕೊಂಡೆ. ಏಳೂವರೆಗೆ ಶಾಲೆಗೆ ಹೋದರೆ ಗೇಟಿನ ಹತ್ತಿರ ಹೆಂಗಸರ ಸಾಲು ಆಗಲೇ ನಿಂತಿತ್ತು. ಎಲ್ಲರಿಗಿಂತ ಮುಂದೆ ಅಂಜಿನಮ್ಮ. ಸೀರೆ ಎತ್ತಿ ಕಟ್ಟಿದ್ದರು, ತಲೆಗೆ ಬಟ್ಟೆ, ಮೈಯೆಲ್ಲ ಧೂಳು, ಕೈಯಲ್ಲಿ ಉದ್ದನೆಯ ಪೊರಕೆ. ಅವರ ಬೆನ್ನಿಗೆ ನಾಲ್ಕು ಮಾರು ಖಾಲಿ ಜಾಗ, ಆಮೇಲೆ ಮಿಕ್ಕವರ ಸಾಲು.

ಆ ಸಾಲಿನ ಮೊದಲಿಗೆ ಇಪ್ಪತ್ತನೇ ನಂಬರಿನ ಶೈಲಜಮ್ಮ ಇದ್ದರು. "ಸ್ನಾನ ಮಾಡ್ಕೊಂಡು ಬರಬಾರ್ದಿತ್ತಾ? ವೋಟೇನು ಓಡಿಹೋಗುತ್ತಾ?" ಎಂದರು.

"ಹೋದ್ಸಲ ಸ್ನಾನ ಮಾಡ್ಕೊಂಡೇ ಬಂದಿದ್ದೆ ಅಮ್ಮಾ. ಒಬ್ರೂ ಗುರ್ತು ಹಿಡೀಲಿಲ್ಲ. ಅಷ್ಟರಲ್ಲಿ ವೋಟೂ ಓಡಿಹೋಗಿತ್ತು."

ಎಂಟಕ್ಕೆ ಗೇಟು ತೆಗೆದರು, ಅಷ್ಟರಲ್ಲಿ ನಾನು ಒಳಗೆ ಬೆಂಚಿನಲ್ಲಿ ಕೂತಿದ್ದೆ. ಬಾಗಿಲಲ್ಲಿ ಪೊಲೀಸಿನವನು ತಡೆದ. ಪೊರಕೆ ಒಳಗೆ ಬಿಡುವುದಿಲ್ಲ, ಆಚೆ ಇಟ್ಟು ಬಾ ಎಂದ. ಅಂಜಿನಮ್ಮ ಇಡಲೊಪ್ಪಲಿಲ್ಲ. "ಮೇಸ್ತ್ರಿ ಒಂದು ಗಂಟೆ ಬಿಟ್ಟವ್ರೆ. ಪೊರಕೆ ಕಳೆದ್ರೆ ನನ್ನೇ ಕೇಳ್ತಾರೆ. ಇಡು ಅಂದ್ರೆ ಎಲ್ಲಿಡ್ಲಿ?" ಸಾಲಿನಲ್ಲಿ ಗೊಣಗಾಟ ಶುರುವಾಯಿತು. ಇನ್ನೈದು ನಿಮಿಷ ಹೀಗೇ ಆದರೆ ಅವರನ್ನು ಹಿಂದಕ್ಕೆ ಕಳಿಸಿ ಬೇರೆಯವರನ್ನು ಬಿಡುತ್ತಾರೆಂದು ನನಗೆ ಗೊತ್ತಿತ್ತು.

ಬೆಂಚಿನಿಂದ ಎದ್ದೆ. ಗಿರಿಜಾಂಬಾ ಈ ಸಲವೂ ಪಟ್ಟಿ ಹಿಡಿದು ಕೂತಿದ್ದರು. ಅವರಿಗೆ ಕೇಳುವ ಹಾಗೆ, "ಇವರು ಅಂಜಿನಮ್ಮ, ಕಾರ್ಪೊರೇಷನ್ ಲೈನಿನವರು. ನಂಗೆ ಗೊತ್ತು" ಎಂದೆ. ಬಾಗಿಲಿಗೆ ಬಂದು ಕೈ ಚಾಚಿದೆ. "ಪೊರಕೆ ಕೊಡಿ ಇಲ್ಲಿ. ನಾನು ಹಿಡ್ಕೊಂಡಿರ್ತೀನಿ."

ಅವರು ನನ್ನ ಮುಖ ನೋಡಿ ಕೊಟ್ಟರು. ಬೀದಿಯ ಅರ್ಧ ಜನ ನೋಡುತ್ತಿದ್ದ ಹಾಗೆ ನಾನು ಅದನ್ನು ಹಿಡಿದು ನಿಂತೆ. ನನಗೆ ಸಂಕೋಚವಾಗಲಿಲ್ಲ ಎಂದರೆ ಸುಳ್ಳು. ಮುನಿರಾಮಪ್ಪ ಒಳಗಿನಿಂದ, "ಏನ್ ಗುರು, ಹೊಸ ಕೆಲಸನಾ?" ಎಂದು ನಕ್ಕರು. ಒಳಗೆ ಹೆಸರು ಓದಿದ್ದು ಕೇಳಿಸಿತು, ಆಮೇಲೆ ಡಬ್ಬದ ಮುಂದೆ ಅವರು ಬಗ್ಗಿದ್ದು ಕಾಣಿಸಿತು. ಮತಪತ್ರ ಪೂರ್ತಿ ಒಳಗೆ ಹೋಗುವ ತನಕ ಅದನ್ನು ಬೆರಳಿನಿಂದ ತಳ್ಳುತ್ತಿದ್ದರು.

ಹೊರಗೆ ಬಂದಾಗ ಇನ್ನು ತಡೆದುಕೊಳ್ಳಲು ಆಗಲಿಲ್ಲ. ಮೆಲ್ಲಗೆ ಹೇಳಿದೆ, "ಅಂಜಿನಮ್ಮ, ಹೋದ್ಸಲ ಬೆಳಗ್ಗೆ ಬಂದಿದ್ದೋಳನ್ನ ನೀವೇ ಅಂತ ತಲೆಯಾಡಿಸಿದ್ದು ನಾನು."

"ಗೊತ್ತು."

"ಹೇಗೆ ಗೊತ್ತಾಯ್ತು?" ಎಂದೆ.

"ಮಾರನೇ ದಿನ ನಿಮ್ಮ ಮನೆ ಕಸದಲ್ಲಿ ಆ ಪಟ್ಟಿ ಬಿದ್ದಿತ್ತು. ನನ್ನ ಹೆಸ್ರೊಂದು ಓದಕ್ಕೆ ಬರುತ್ತಲ್ಲ. ಪಕ್ಕದಲ್ಲಿ ಕೆಂಪಗೆ ಏನೋ ಇತ್ತು, ಮಗಳ ಹತ್ರ ಓದಿಸ್ದೆ. ನಮ್ಮವರು ಅಂತ ಬರ್ಕೊಂಡಿದ್ರಿ."

"ಮತ್ತೆ ಇಷ್ಟು ವರ್ಷ ಯಾಕೆ ಸುಮ್ಮನಿದ್ರಿ?"

"ಯಾರ ಹತ್ರ ಹೇಳ್ಲಿ ಸ್ವಾಮಿ? ನಾನು ಯಾರು ಅಂತ ಹೇಳಕ್ಕೇ ಅವತ್ತು ಒಬ್ರಿರಲಿಲ್ಲ."

ಶಾಯಿಯ ಬೆರಳನ್ನು ಸೆರಗಿಗೆ ತಾಗದಂತೆ ಎತ್ತಿಹಿಡಿದು, ಇನ್ನೊಂದು ಕೈಯಿಂದ ಪೊರಕೆ ತೆಗೆದುಕೊಂಡರು. ಎರಡು ಹೆಜ್ಜೆ ಹೋಗಿ ನಿಂತರು.

"ಇವತ್ತು ಪಟ್ಟೀಲಿ ಏನು ಬರ್ಕೋತೀರಿ?"

"ಏನೂ ಇಲ್ಲ. ಹೆಸ್ರಿಗೆ ಒಂದು ಗೆರೆ, ಅಷ್ಟೆ."

"ಹಂಗಾದ್ರೆ ಸರಿ" ಎಂದು, ಬಿಟ್ಟುಬಂದಿದ್ದ ಕಡೆಯಿಂದಲೇ ಗುಡಿಸಲು ಹೋದರು.