ಅಕ್ಕಿಯ ಸಾಲಿನಲ್ಲಿ ಒಂದು ಸೇರು

ಅಂದು ಬೆಳಿಗ್ಗೆ ಚಾಮರಾಜಪೇಟೆಯ ವಿದ್ಯಾರ್ಥಿನಿಲಯದ ಉಗ್ರಾಣದಲ್ಲಿ ಇದ್ದವರು ಮೂವರು: ದಿನಸಿಯ ಉಸ್ತುವಾರಿ ಹೊತ್ತ ನನ್ನ ದೊಡ್ಡಮ್ಮ, ಅಡಿಗೆ ಭಟ್ಟರು, ಕಂಪ್ಯೂಟರ್ ಮುಂದೆ ನಾನು. ಹುಡುಗರು ಬೇಗ ಉಂಡು ಪರೀಕ್ಷೆಗೆ ಹೊರಡಬೇಕಿತ್ತು. ಪಕ್ಕದ ಅಡಿಗೆಮನೆಯ ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಹಾಕಲು ಅಕ್ಕಿ ಇರಲಿಲ್ಲ.

ದೊಡ್ಡಮ್ಮ ದಿನಾ ಸಂಜೆ ಒಂದು ಟೆಕ್ಸ್ಟ್ ಫೈಲಿನಲ್ಲಿ ಎಡಗಡೆ ಸಾಮಾನಿನ ಹೆಸರು, ಬಲಗಡೆ ಉಳಿದಿರುವ ಅಳತೆ ಬರೆಯುತ್ತಾರೆ. ಸ್ಪೇಸ್ ಬಾರ್ ಒತ್ತಿ ಒತ್ತಿ, ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಕಾಲಂಗಳನ್ನು ನೇರ ಕೂರಿಸುತ್ತಾರೆ. ಅದನ್ನು ಓದಲು ನಾನು ಪೈಥಾನ್ ಭಾಷೆಯಲ್ಲಿ ಒಂದು ಸ್ಕ್ರಿಪ್ಟ್, ಪುಟ್ಟ ಪ್ರೋಗ್ರಾಂ, ಬರೆದಿದ್ದೆ. ಮೊದಲು ಅದು ಸ್ಪೇಸ್ ಕಂಡಲ್ಲೆಲ್ಲ ಸಾಲನ್ನು ಕತ್ತರಿಸಿದ್ದರಿಂದ 'ತೊಗರಿ' ಒಂದು ಕಾಲಮ್ಮಿಗೆ, 'ಬೇಳೆ' ಇನ್ನೊಂದಕ್ಕೆ ಹೋಗಿ ಕೂತವು. ಕೊನೆಯ ತುಂಡು ಮಾತ್ರ ಅಳತೆ, ಮಿಕ್ಕದ್ದೆಲ್ಲ ಹೆಸರು ಎಂದು ಅದಕ್ಕೆ ಹೇಳಿಕೊಟ್ಟ ಮೇಲೆ ಸರಿಹೋಯಿತು. ಅಳತೆ ಸೊನ್ನೆಯಾದರೆ ಸಾಮಾನಿನ ಹೆಸರು ತಾನಾಗಿ ತರಗುಪೇಟೆಯ ಅಂಗಡಿಯವರ ಫೋನಿಗೆ ಹೋಗುತ್ತಿತ್ತು. ಬೆಳಿಗ್ಗೆ ಸಾಮಾನು ಬರುತ್ತಿತ್ತು. "ಮುಗಿದ್ಮೇಲೇ ತರ್ಸು, ಮೊದ್ಲೇ ತಂದಿಟ್ರೆ ಹುಳ ಬೀಳುತ್ತೆ" ಎಂದಿದ್ದವರು ದೊಡ್ಡಮ್ಮನೇ. ಇದು ಸ್ಕ್ರಿಪ್ಟಿನ ಮೊದಲ ವಾರ.

"ಅಕ್ಕಿ ಇದೆ ಅಂತ ತೋರಿಸ್ತಿದೆ ಭಟ್ರೇ" ಎಂದೆ.

"ತೋರಿಸೋ ಅಕ್ಕೀನ ಬೇಯಿಸಕ್ಕಾಗಲ್ಲ ಸ್ವಾಮಿ."

ಫೈಲ್ ತೆರೆದೆ. ಅಕ್ಕಿಯ ಮುಂದೆ ಒಂದು ಎಂದಿತ್ತು.

"ದೊಡ್ಡಮ್ಮ, ಇದೇನು ಒಂದು?"

"ಸೇರಕ್ಕಿ ಕಣೋ. ಡಬ್ಬದ ತಳದಲ್ಲಿ ಇರ್ಲೇಬೇಕು. ಅದನ್ನೂ ಬಳಿದುಬಿಟ್ರೆ ಏಳಿಗೆ ಆಗುತ್ತಾ?"

"ಮತ್ತೆ ಸೊನ್ನೆ ಯಾವಾಗ ಬರೀತೀರಿ?"

"ಅಕ್ಕಿ ಮುಂದೆ ಸೊನ್ನೆನಾ? ಬಿಡ್ತು ಅನ್ನು!"

"ಬಿಡ್ತು" ಅಂದೆ. ಭಟ್ಟರು ಹೆಗಲ ಮೇಲಿನ ಟವೆಲನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

ಅಂಗಡಿ ತೆಗೆಯುವವರೆಗೆ ಕಾಯುವ ಹಾಗಿರಲಿಲ್ಲ. ಫೈಲನ್ನು ಮೇಲಿಂದ ಕೆಳಗೆ ಓದಿದೆ. "ಬನ್ಸಿ ರವೆ ಬೇಕಾದಷ್ಟಿದೆ."

"ಇರೋದಾ, ತೋರಿಸೋದಾ?" ಎಂದು ಕೇಳುತ್ತಲೇ ಭಟ್ಟರು ಡಬ್ಬದ ಮುಚ್ಚಳ ತೆಗೆದು ನೋಡಿದರು. ಇತ್ತು. ಕುದಿಯುವ ಎಸರು ಉಪ್ಪಿಟ್ಟಿನದಾಯಿತು. ಹುಡುಗರು ಗೊಣಗುತ್ತಲೇ ಎರಡೆರಡು ಸಲ ಹಾಕಿಸಿಕೊಂಡು, ಹೊತ್ತಿಗೆ ಸರಿಯಾಗಿ ಹೊರಟರು.

ದೊಡ್ಡಮ್ಮನಿಗೆ ಸೊನ್ನೆ ಬರೆಯಲು ನಾನು ಹೇಳಲಿಲ್ಲ. ಅಕ್ಕಿಯ ಸಾಲಿಗೆ ಮಾತ್ರ, ಒಂದು ಸೇರೆಂದರೆ ಮುಗಿದ ಹಾಗೆ ಎಂದು ಸ್ಕ್ರಿಪ್ಟಿಗೇ ಕಲಿಸಿದೆ.

ಮುಂದಿನ ವಾರ ಅಕ್ಕಿ ಮತ್ತೆ ತಳ ಕಂಡಿತು. ಮರುದಿನ ಬೆಳಿಗ್ಗೆ, ಎಸರಿಡುವ ಮೊದಲೇ, ಗೇಟಿನ ಮುಂದೆ ಆಟೋದಿಂದ ಮೂಟೆ ಇಳಿಯಿತು. ಹುಡುಗರು ಅಂದು ಅನ್ನ ಸಾರು ಉಂಡರು.