ಬೀಗ ತೆಗೆಯಲು ಬಾರದವನ ಭಾನುವಾರಗಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಬೀಗದ ಕೈ ಇಲ್ಲದೆ ಬೀಗ ತೆಗೆಯುವುದು ನನಗೆ ಬರುತ್ತದೆ. ಇಷ್ಟು ಹೇಳಿದ ಕೂಡಲೇ ನೀವು ನಿಮ್ಮ ಬೀರುವಿನ ಕಡೆ ಒಮ್ಮೆ ಕಣ್ಣು ಹಾಯಿಸಿದ್ದು ಗೊತ್ತಾಯಿತು. ಹೆದರಬೇಡಿ. ನನ್ನ ಕೈಯ ವೇಗಕ್ಕೆ, ನಿಮ್ಮ ಬೀರುವಿನ ಮುಂದೆ ಕೂತ ನನಗೆ ನೀವೇ ಎರಡು ಹೊತ್ತು ಊಟ ಹಾಕಬೇಕಾದೀತು. ಅರವತ್ತನಾಲ್ಕು ವಿದ್ಯೆಗಳಲ್ಲಿ ಕಳ್ಳತನವೂ ಒಂದು ಎನ್ನುತ್ತಾರೆ. ನನಗೆ ಅಷ್ಟು ದೊಡ್ಡ ಆಸೆಯೇನೂ ಇರಲಿಲ್ಲ. ನನ್ನ ಮನೆಯ ಬೀಗ ನಾನು ತೆಗೆದರೆ ಸಾಕಾಗಿತ್ತು.

ಆಗ ನಾನು ದೆಹಲಿಯ ಮುನಿರ್ಕಾದಲ್ಲಿ ಮೂರನೇ ಮಹಡಿಯ ಒಂದು ಕೋಣೆಯಲ್ಲಿದ್ದೆ. ಮೆಟ್ರೋ ಇನ್ನೂ ನಮ್ಮ ಕಡೆ ತಲೆ ಹಾಕಿರಲಿಲ್ಲ. ಸರ್ಕಾರಿ ಕಚೇರಿಯೊಂದರಲ್ಲಿ ಅನುವಾದಕನ ಕೆಲಸ. ದಿನವಿಡೀ ಬೇರೆಯವರ ಮಾತನ್ನು ಕನ್ನಡಕ್ಕೆ ಇಳಿಸಿ ಮನೆಗೆ ಬಂದರೆ, ನನ್ನ ಮಾತು ಕೇಳಲು ಒಂದು ನರಪಿಳ್ಳೆಯೂ ಇಲ್ಲ. ಹೆಂಡತಿ ಮಕ್ಕಳಿಲ್ಲ, ಹೇಳುವವರು ಕೇಳುವವರಿಲ್ಲ. ಇದನ್ನು ಸ್ವಾತಂತ್ರ್ಯ ಎಂದು ಮೊದಮೊದಲು ಕರೆಯುತ್ತಿದ್ದೆ. ನೀವು ಗಮನಿಸಿದ್ದೀರೋ ಇಲ್ಲವೋ, ಒಂಟಿಯಾಗಿರುವವನ ಮನೆಯ ಬಾಗಿಲು ಒಳಗಿನಿಂದ ಅವನಿಗಾಗಿ ಎಂದೂ ತೆರೆಯುವುದಿಲ್ಲ. ಬೀಗ ಹಾಕುವವನೂ ಅವನೇ, ತೆಗೆಯುವವನೂ ಅವನೇ.

ಒಂದು ಸಂಜೆ ನನ್ನ ಬೀಗದ ಕೈ ಬಸ್ಸಿನಲ್ಲೆಲ್ಲೋ ಬಿದ್ದುಹೋಯಿತು. ಬಸ್ ಸ್ಟಾಪಿನ ಹತ್ತಿರ ಬೇವಿನ ಮರದಡಿ ಕೂರುತ್ತಿದ್ದ ಯಾಸೀನ್ ಭಾಯಿ ಎಂಬ ಚಾಬಿವಾಲಾರನ್ನು ಕರೆತಂದೆ. ಐವತ್ತೈದು ದಾಟಿದ, ಮೆಹಂದಿ ಬಣ್ಣದ ಗಡ್ಡದ ಮನುಷ್ಯ. ಮೂರು ಮಹಡಿ ಹತ್ತಿ ಬಂದು ಬೀಗ ನೋಡಿದವರು ಪೆಟ್ಟಿಗೆಯನ್ನೇ ತೆರೆಯಲಿಲ್ಲ. “ಗವಾಹ್ ಬುಲಾಯಿಯೇ, ಬಾಬೂಜಿ” ಎಂದರು. ಸಾಕ್ಷಿ ಬೇಕಂತೆ. ಈ ಮನೆ ಇವರದೇ ಎಂದು ಇನ್ನೊಬ್ಬರು ಎದುರಿಗೆ ನಿಂತು ಹೇಳದೆ ಬೀಗ ಮುಟ್ಟುವುದಿಲ್ಲ, ಅದು ಅವರ ಅಪ್ಪನ ಕಾಲದ ನೇಮ.

ಎದುರು ಮನೆಯ ಬಾಗಿಲು ತಟ್ಟಿದೆ. ಆ ಮನೆಯಾಕೆ ಜಾಲರಿಯ ಹಿಂದಿನಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಪತಾ ನಹೀಂ ಭಯ್ಯಾ, ಕೋಯಿ ರೆಹತಾ ತೋ ಹೈ” ಎಂದಳು. ಗೊತ್ತಿಲ್ಲ, ಯಾರೋ ಇರುವುದಂತೂ ಹೌದು! ಆರು ವರ್ಷ ಆ ಮನೆಯಲ್ಲಿದ್ದುದಕ್ಕೆ ಸಿಕ್ಕ ಪ್ರಶಸ್ತಿಪತ್ರ ಅದು. ಕೆಳಗಿನ ಮಹಡಿಯವರಿಗೆ ನಾನು ಬಂಗಾಳಿ. ಕೊನೆಗೆ ಬೀದಿಯ ಇಸ್ತ್ರಿಯವನು ಮೆಟ್ಟಿಲು ಹತ್ತಿ ಬಂದು ನನ್ನನ್ನು ಕಾಪಾಡಿದ. ಮುಖ ನೋಡಿ ಅಲ್ಲ, ಅಂಗಿ ನೋಡಿ. “ಇವರೇ. ಆರು ಶರ್ಟು, ಎರಡರ ಕಾಲರ್ ಹರಿದಿದೆ” ಎಂದು ಹಿಂದಿಯಲ್ಲಿ ಘೋಷಿಸಿದ. ಯಾಸೀನ್ ಭಾಯಿಗೆ ಅಷ್ಟು ಸಾಕಾಯಿತು. ನನಗೆ ಮಾತ್ರ ಒಳಗೆ ಹೋಗಿ ಕೂತ ಮೇಲೂ ಆ ಮಾತೇ ಕೊರೆಯುತ್ತಿತ್ತು. ಇಷ್ಟು ದೊಡ್ಡ ಊರಿನಲ್ಲಿ ನನ್ನನ್ನು ಬಲ್ಲದ್ದು ಎರಡು ಹರಕು ಕಾಲರು.

ಇನ್ನು ಯಾರ ಹಂಗೂ ಬೇಡ, ನಾನೇ ಕಲಿಯುತ್ತೇನೆ ಎಂದು ಹಟಕ್ಕೆ ಬಿದ್ದೆ. ಸೈಬರ್ ಕೆಫೆಯಲ್ಲಿ ಹುಡುಕಿದೆ. ವಿದೇಶದಲ್ಲಿ ಇದನ್ನು ಹವ್ಯಾಸವಾಗಿ ಮಾಡುವ ಜನರೇ ಇದ್ದಾರೆ, ಸ್ವಾಮಿ! ಅವರು ಬರೆದಿಟ್ಟ ಪಾಠವನ್ನು ಅಚ್ಚು ಹಾಕಿಸಿಕೊಂಡು ಬಂದೆ. ಬೀಗದೊಳಗೆ ಸಾಲಾಗಿ ಸಣ್ಣ ಪಿನ್ನುಗಳಿರುತ್ತವೆ, ಒಂದೊಂದನ್ನೇ ಮೇಲಕ್ಕೆ ಒತ್ತಬೇಕು ಎಂದಿತ್ತು. ಒತ್ತಲು ಹೇರ್‌ಪಿನ್ನು ಬೇಕಲ್ಲ? ಅಂಗಡಿಯವನು “ಭಾಭೀಜಿಗಾ?” ಎಂದ. ವಿವರಿಸುವ ಗೋಜೇಕೆಂದು ಹೌದೆಂದೆ. ಅವರ ಕೂದಲು ಉದ್ದವೋ ಗಿಡ್ಡವೋ ಎಂದು ವಿಚಾರಿಸಿದ. ಉದ್ದ, ದಟ್ಟ ಎಂದೆ. ಆ ಎರಡು ನಿಮಿಷ ಸಂಸಾರಸ್ಥನಾಗಿದ್ದು ಹಿತವಾಗಿಯೇ ಇತ್ತು ಎಂದರೆ ನಗಬೇಡಿ.

ಬಾಗಿಲಿಗೆ ಬೇರೆ ಬೀಗ ಹಾಕಿ, ಮೂರು ವಾರ ನಾನು ಆ ಹಳೆಯ ಬೀಗದೊಂದಿಗೆ ಹೆಣಗಿದೆ. ಹೇರ್‌ಪಿನ್ನು ಬಾಗಿತು, ಸೈಕಲ್ಲಿನ ಕಡ್ಡಿ ಜಾರಿ ಹೆಬ್ಬೆರಳಿಗೆ ಚುಚ್ಚಿತು, ಮೂರನೆಯ ತಂತಿ ಒಳಗೇ ಮುರಿದು ಕೂತಿತು. ತಿಪ್ಪರಲಾಗ ಹಾಕಿದರೂ ಒಂದು ಪಿನ್ನೂ ಕೈಗೆ ಸಿಗಲಿಲ್ಲ. ಕೊನೆಗೆ ಮಾನ ಬಿಟ್ಟು ಬೀಗವನ್ನು ಯಾಸೀನ್ ಭಾಯಿಯ ಮುಂದಿಟ್ಟೆ. ಅಚ್ಚು ಹಾಳೆಯನ್ನೂ ತೋರಿಸಿದೆ. ಅವರು ಹಾಳೆಯ ಚಿತ್ರ ನೋಡಿದರು, ಬೀಗ ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಬಾಬೂಜಿ, ಇಸ್‌ಮೇ ಪಿನ್ ಹೈ ಹೀ ನಹೀಂ!”

ಇದರಲ್ಲಿ ಪಿನ್ನೇ ಇಲ್ಲ! ಬೀಗದ ಹೊಟ್ಟೆಯ ಮೇಲೆ ‘ಏಳು ಲಿವರ್’ ಎಂದು ಇಂಗ್ಲಿಷಿನಲ್ಲಿ ದಪ್ಪಗೆ ಕೊರೆದಿತ್ತು. ದಿನಾ ಇಂಗ್ಲಿಷು ಅನುವಾದಿಸಿ ಸಂಬಳ ಎಣಿಸುವ ನಾನು ಅದೊಂದನ್ನು ಓದಿರಲಿಲ್ಲ. ಪರದೇಶದ ಪಾಠವನ್ನು ಅಲೀಗಢದ ಬೀಗಕ್ಕೆ ಹಚ್ಚಿ, ಇಂಗು ತಿಂದ ಮಂಗನಾಗಿ ನಿಂತಿದ್ದೆ. ಇದರೊಳಗೆ ಇರುವುದು ಒಂದರ ಮೇಲೊಂದು ಮಲಗಿದ ಏಳು ತೆಳ್ಳನೆಯ ತಗಡುಗಳಂತೆ. ಯಾಸೀನ್ ಭಾಯಿಯೂ ಅಲೀಗಢದ ಕಡೆಯವರೇ. ಸಂಸಾರವೆಲ್ಲ ಅಲ್ಲಿದೆ, ಎರಡು ತಿಂಗಳಿಗೊಮ್ಮೆ ಹೋಗಿಬರುತ್ತಾರೆ. ನಗು ನಿಂತ ಮೇಲೆ ಅವರೇ, “ಇತ್ವಾರ್ ಕೋ ಆಯಿಯೇ” ಎಂದರು. ಭಾನುವಾರ ಬನ್ನಿ, ಆವತ್ತು ಗಿರಾಕಿ ಕಡಿಮೆ.

ಹೀಗೆ ನನ್ನ ಭಾನುವಾರದ ಪಾಠ ಶುರುವಾಯಿತು. ಅವರು ನನ್ನ ಬೀಗದೊಳಗೆ ಮುರಿದಿದ್ದ ತಂತಿ ತೆಗೆದರು, ಗರಗಸದಿಂದ ಸೀಳಿದ ಇನ್ನೊಂದು ಬೀಗ ಕೊಟ್ಟು ಒಳಗನ್ನು ತೋರಿಸಿದರು. ಒಂದು ತಂತಿಯಿಂದ ಹಗುರವಾಗಿ ಒತ್ತಿ ಹಿಡಿಯಬೇಕು, ಇನ್ನೊಂದರಿಂದ ತಗಡುಗಳನ್ನು ಒಂದೊಂದಾಗಿ ಎತ್ತಬೇಕು. ಹಗುರ ಎಂಬುದೇ ನನಗೆ ತಿಳಿಯದ್ದು. ಹೊಸಬರೆಲ್ಲರ ತಪ್ಪೂ ಇದೇ ಅಂತೆ: ಬೀಗ ಹಟ ಮಾಡುತ್ತಿದೆ ಎಂದುಕೊಂಡು ಇವರು ಬಲ ಹಾಕುವುದು, ಬಲ ಹಾಕಿದಷ್ಟೂ ಅದು ಬಿಗಿಯುವುದು. “ಜೋರ್ ಮತ್ ಲಗಾಯಿಯೇ”, ಬಲ ಹಾಕಬೇಡಿ, ಎಂದು ಅವರು ಒಂದು ಬೆಳಿಗ್ಗೆಗೆ ನಲವತ್ತು ಸಲ ಹೇಳುತ್ತಿದ್ದರು. ನನ್ನ ಪಾಲಿಗೆ ಅದು ಕೋಣನ ಮುಂದೆ ಕಿನ್ನರಿ. ನಡುವೆ ಎರಡು ಸಲ ಚಹಾ ಬರುತ್ತಿತ್ತು. ಅವರು ಕಿರಿಯ ಮಗಳ ಮದುವೆಯ ಮಾತಾಡುತ್ತಿದ್ದರು, ನಾನು ತುಮಕೂರಿನ ತಟ್ಟೆ ಇಡ್ಲಿಯ ಗಾತ್ರವನ್ನು ಕೈಯಲ್ಲಿ ತೋರಿಸುತ್ತಿದ್ದೆ. ಅವರು ನಂಬುತ್ತಿರಲಿಲ್ಲ.

ಏಳನೆಯ ವಾರ, ಒಂದು ಗುರುವಾರ ಸಂಜೆ, ಮನೆಯಲ್ಲಿ ಕೂತಿದ್ದಾಗ ನನ್ನ ಏಳು ಲಿವರಿನ ಬೀಗ ‘ಕಟ್’ ಎಂದು ತೆರೆದುಕೊಂಡಿತು. ಕುಣಿಯಬೇಕೆನಿಸಿತು. ಯಾರಿಗಾದರೂ ಹೇಳಬೇಕಲ್ಲ! ಮೊಬೈಲಿನಲ್ಲಿದ್ದ ಹೆಸರುಗಳನ್ನು ನೋಡುತ್ತಾ ಹೋದೆ: ಸೆಕ್ಷನ್ ಆಫೀಸರು, ಗ್ಯಾಸಿನವನು, ಮನೆ ಮಾಲೀಕ. ‘ನಾನೊಂದು ಬೀಗ ತೆಗೆದೆ’ ಎಂದು ಇವರಲ್ಲಿ ಯಾರಿಗೆ ಹೇಳಲಿ? ಹೇಳಬಹುದಾದ ಒಬ್ಬರೇ ಒಬ್ಬರು ಬೇವಿನ ಮರದಡಿ ಇದ್ದರು. ಆದರೆ ಅವರಿಗೆ ಹೇಳಿದರೆ ಪಾಠ ಮುಗಿಯಿತು. ಪಾಠ ಮುಗಿದರೆ ಭಾನುವಾರ ಎಲ್ಲಿಗೆ ಹೋಗುವುದು? ಸದ್ದಾಗದ ಹಾಗೆ ಬೀಗವನ್ನು ಮತ್ತೆ ಒತ್ತಿ ಮುಚ್ಚಿದೆ.

ಭಾನುವಾರ ಮುಖ ಇಳಿಬಿಟ್ಟುಕೊಂಡು, “ನಹೀಂ ಖುಲಾ, ಭಾಯಿ”, ತೆರೆಯಲೇ ಇಲ್ಲ, ಎಂದೆ. ಅವರು ಲೊಚಗುಟ್ಟಿ, ಚಹಾಕ್ಕೆ ಕೂಗಿ, ಮೊದಲಿನಿಂದ ತೋರಿಸಿದರು. ಅಲ್ಲಿಂದ ಶುರುವಾಯಿತು ನೋಡಿ ನಿಜವಾದ ಕಷ್ಟ. ತೆರೆಯಲು ಕಲಿತ ಕೈಯಿಂದ ತೆರೆಯದೆ ಇರುವುದು ಎಷ್ಟು ಪೇಚು ಎಂಬುದನ್ನು ಯಾವ ಪಾಠದಲ್ಲೂ ಬರೆದಿರಲಿಲ್ಲ. ಆರು ತಗಡು ಎತ್ತಿ ಏಳನೆಯದನ್ನು ಬೇಕೆಂದೇ ಬಿಡಬೇಕು. ನಡುನಡುವೆ ‘ಛೆ!’ ಎನ್ನಬೇಕು. ಐದು ವಾರ ಹೀಗೆ ನಡೆಸಿದೆ. ಇಷ್ಟು ಶ್ರದ್ಧೆಯಿಂದ ನಾನು ಯಾವ ಪರೀಕ್ಷೆಯಲ್ಲೂ ಫೇಲಾಗಿರಲಿಲ್ಲ. ಪ್ರತಿ ಸಲವೂ ನಾಚಿಕೆಯಾಗುತ್ತಿತ್ತು, ಆ ಹಿರಿಯರ ಹೊತ್ತು ಹಾಳುಮಾಡುತ್ತಿದ್ದೇನಲ್ಲ ಎಂದು. ಆದರೂ ಶನಿವಾರ ಬಂದರೆ ನಾಳೆಯ ‘ಛೆ’ಗಳನ್ನು ಯೋಚಿಸುತ್ತಿದ್ದೆ.

ಚಳಿ ಶುರುವಾದ ಮೇಲೊಂದು ಭಾನುವಾರ, ಹೆಂಗಸೊಬ್ಬಳು ಸಣ್ಣ ಟ್ರಂಕು ಹೊತ್ತು ಬಂದಳು. ಜೊತೆಗೆ ಸಾಕ್ಷಿಗೆ ನಾದಿನಿ. ಬೀಗದ ಕೈ ಕಳೆದಿದೆ, ಮದುವೆಗೆ ಹೋಗಬೇಕು, ಸೀರೆಯೆಲ್ಲ ಒಳಗಿದೆ. ಯಾಸೀನ್ ಭಾಯಿಯ ಬಲಗೈಗೆ ಬೀಗದ ಕೈ ಉಜ್ಜುವ ಅರ ತಾಗಿ ಬಟ್ಟೆ ಸುತ್ತಿತ್ತು. ಅವರು ಟ್ರಂಕನ್ನು ನನ್ನ ಮುಂದಕ್ಕೆ ತಳ್ಳಿದರು.

“ನನಗೆಲ್ಲಿ ಬರುತ್ತೆ, ಭಾಯಿ...” ಎಂದು ನಾನು ಹಿಂದಿಯಲ್ಲಿ ರಾಗ ತೆಗೆದೆ.

“ಖೋಲ್ ದೀಜಿಯೇ, ಬಾಬೂಜಿ”, ತೆಗೆದುಕೊಡಿ, ಎಂದರು ಅವರು, ನನ್ನ ಕಡೆ ನೋಡದೆ. “ಪಾಪ, ನಿಂತಿದ್ದಾರೆ. ನಾಟಕ ಆಮೇಲೆ ಆಡೋಣ.”

ಕಿವಿಯವರೆಗೂ ಬಿಸಿಯಾಯಿತು. ಟ್ರಂಕಿನದು ಸಾದಾ ಬೀಗ; ತಲೆ ತಗ್ಗಿಸಿಕೊಂಡು ಎರಡು ನಿಮಿಷದಲ್ಲಿ ತೆಗೆದುಕೊಟ್ಟೆ. ಹೆಂಗಸರಿಬ್ಬರೂ ಹೋದ ಮೇಲೆ ತಂತಿಗಳನ್ನು ಒರೆಸಿ ಪೆಟ್ಟಿಗೆಗೆ ಹಾಕಿದೆ. ಕಡೆಗೆ ನಾನೇ ಕೇಳಿದೆ, ಯಾವಾಗ ಗೊತ್ತಾಯಿತೆಂದು. ನಾಟಕದ ಮೊದಲನೇ ದಿನವೇ, ಎಂದರು. ಬಾರದವನ ಕೈ ಏಳನೆಯ ತಗಡಿನವರೆಗೆ ಹೋಗುವುದಿಲ್ಲ.

“ಮತ್ತೆ ಯಾಕೆ ಹೇಳಲಿಲ್ಲ?”

ಅವರು ಚಹಾದ ಲೋಟವನ್ನು ನನ್ನ ಕಡೆ ಸರಿಸಿದರು. “ಹೇಳಿದ್ದರೆ ನೀವು ಬರುತ್ತಿದ್ದಿರಾ? ಇತ್ವಾರ್ ಮೇರಾ ಭೀ ಲಂಬಾ ಹೋತಾ ಹೈ.” ಭಾನುವಾರ ನನಗೂ ಉದ್ದವೇ.

ಚಹಾ ಬಿಸಿಯಿದೆ ಎಂದು ನೆಪ ಹೇಳಿ ಆ ಕಡೆ ತಿರುಗಿದೆ. ಮುಂದಿನ ಭಾನುವಾರ ಬೀಗವಿಲ್ಲದೆ, ತಂತಿಯಿಲ್ಲದೆ, ಬರಿಗೈಯಲ್ಲಿ ಹೊರಟೆ. ಬಂದದ್ದಕ್ಕೆ ಏನು ಕಾರಣ ಹೇಳಲಿ ಎಂದು ಬಸ್ ಸ್ಟಾಪಿನವರೆಗೂ ಯೋಚಿಸಿ ಒಂದೆರಡನ್ನು ಸಿದ್ಧಮಾಡಿಯೂ ಇಟ್ಟುಕೊಂಡಿದ್ದೆ. ಅವರು ಕೇಳಲೇ ಇಲ್ಲ; ಕೂತಿದ್ದ ಗೋಣಿಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದರು.